ನೆಲ ಡೊಂಕು

ಮಂಗಳವಾರ ಸಂಜೆ ಮಾತ್ರ ನನಗೆ ಸ್ಟುಡಿಯೋ.
ಕಾಟೊವಿತ್ಸೆಯ ಹಳೇ ಅಂಗಿಗುಂಡಿ ಕಾರ್ಖಾನೆ, ಎರಡನೇ ಮಹಡಿ.
ಗಂಟೆಗೆ ಅರವತ್ತು ಜ್ಲೋಟಿ, ಕಂಬಕ್ಕೆ ಮೂವರು.
ನನ್ನ ಸರದಿ ಬರುವಷ್ಟರಲ್ಲಿ
ಕಂಬ ಇನ್ಯಾರದೋ ತೊಡೆಯ ಬಿಸಿಯಲ್ಲಿರುತ್ತದೆ.
ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸುತ್ತೇನೆ,
ಒರೆಸಿದರೂ ಆ ಬಿಸಿ ಹೋಗುವುದಿಲ್ಲ.
ಹೋಗದಿದ್ದರೇ ಒಳ್ಳೆಯದು:
ಬೆಚ್ಚಗಿದ್ದರೆ ಚರ್ಮ ಕಚ್ಚಿಕೊಳ್ಳುತ್ತದೆ.

ಟೀಚರ್ ದೊಬ್ರವಾ ನನಗಿಂತ ಹದಿನಾರು ವರ್ಷ ಚಿಕ್ಕವಳು.
"ಎಡಗಡೆ," ಅನ್ನುತ್ತಾಳೆ, "ಈಗ ಎಡಗಡೆ."
ನನ್ನ ಎಡಗೈ
ಬೇರೆ ಮನೆಯಲ್ಲಿ ಬೆಳೆದ ತಂಗಿಯ ಹಾಗೆ,
ಕರೆದರೆ ಬರುತ್ತದೆ, ಮಾತಾಡುವುದಿಲ್ಲ.
ಗೋಡೆಯುದ್ದಕ್ಕೂ ಕನ್ನಡಿ. ಅದರಲ್ಲಿ ಇಪ್ಪತ್ತಾರು ಮಂಡಿ.
ಅಷ್ಟರಲ್ಲೂ ನನ್ನವೆರಡನ್ನೇ ಹುಡುಕಿ
ಬೈಯುತ್ತದೆ ನನ್ನ ಕಣ್ಣು.
ಹಗಲೆಲ್ಲ ಊರವರ ಕನ್ನಡಕದ ಗಾಜು ಉಜ್ಜುವವಳು ನಾನು,
ಕೂದಲೆಳೆಯಷ್ಟು ತಪ್ಪನ್ನೂ ಬಿಡದ ಕಣ್ಣು.

ಅದಕ್ಕೇ ಮನೆಗೊಂದು ಕಂಬ ತಂದೆ.
ಎರಡು ತುಂಡು, ಒಂದು ಕೀಲಿ, ಹದಿನೆಂಟು ಪುಟದ ಸೂಚನೆ.
ತಿರುಗಿಸಿದಷ್ಟೂ ಉದ್ದವಾಗಿ
ನೆಲಕ್ಕೂ ಸೂರಿಗೂ ನಡುವೆ ತಾನೇ ಬಿಗಿದುಕೊಳ್ಳುವಂಥದ್ದು.
ಊಟದ ಮೇಜು ಬಾಲ್ಕನಿಗೆ ಹೋಯಿತು.
ಈಗ ನಿಂತೇ ಉಣ್ಣುತ್ತೇನೆ.

ಇಲ್ಲಿ ಕನ್ನಡಿಯಿಲ್ಲ, ಸರದಿಯಿಲ್ಲ,
ಎಡಗಡೆ ಅನ್ನುವವರೂ ಇಲ್ಲ;
ಬಲವೇ ಬಲ, ದಿನವೂ ಬಲ.
ಜನವರಿಯಲ್ಲಿ ಕಂಬ ಮುಟ್ಟಿದರೆ ಹಲ್ಲು ಜುಮ್ಮೆನ್ನುತ್ತದೆ.
ಹೇರ್ ಡ್ರೈಯರ್ ಹಿಡಿದು ಮೇಲಿಂದ ಕೆಳಗೆ ಕಾಯಿಸುತ್ತೇನೆ,
ಮಿಂದು ಬಂದ ಮಗುವಿನ ತಲೆ ಒಣಗಿಸುವ ಹಾಗೆ.
ಸೂರು ತಗ್ಗು. ಕಾಲು ಚಾಚಿದರೆ ದೀಪದ ಬುರುಡೆ.
ಹಾಗಾಗಿ ನನ್ನ ಕುಣಿತದಲ್ಲಿ
ಒಂದು ಕಾಲು ಸದಾ ಅರ್ಧ ಮಡಚಿದ್ದು.
"ಯಾರು ಕಲಿಸಿದರು ಇದನ್ನ?" ದೊಬ್ರವಾ ಕೇಳಿದಳು.
ದೀಪ, ಅಂದೆ.

ಆದರೆ ತಿರುಗಿದಾಗೆಲ್ಲ
ಯಾರೋ ಕಿಟಕಿಯ ಕಡೆಗೆ ಎಳೆದಂತಾಗುತ್ತಿತ್ತು.
ನೆಲ ಸರಿಯಿಲ್ಲ ಅಂದುಕೊಂಡೆ,
ಅಂದುಕೊಂಡದ್ದಕ್ಕೇ ನಾಚಿದೆ.
ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ಆ ಹೆಂಗಸು ಇಷ್ಟು ದಿನ ಯಾರೋ ಆಗಿದ್ದಳು,
ಈಗ ಒಂಬತ್ತನೇ ಮಹಡಿಯಲ್ಲಿ ನಾನೇ.

ಫೆಬ್ರವರಿಯ ಒಂದು ರಾತ್ರಿ ತಲೆಕೆಳಗಾದೆ.
ಮೊದಲು ಬೇಕೆಂದೇ; ಆಮೇಲೆ, ಬೇಡವೆಂದರೂ.
ಸ್ಟುಡಿಯೋದಲ್ಲಾದರೆ ಸೊಂಟದ ಬಳಿ
ದೊಬ್ರವಾಳ ಎರಡು ಕೈ ಇರುತ್ತಿದ್ದವು.
ಇಲ್ಲಿ ಹಾಸಿಗೆಯಿತ್ತು, ಹಾಸಿಗೆಗೊಂದು ಅಂಚೂ ಇತ್ತು.
ಭುಜ ಅಂಚನ್ನು ಆರಿಸಿಕೊಂಡಿತು.

ಎರಡೇ ನಿಮಿಷ, ಬಾಗಿಲು ದಬದಬ.
ಕೆಳಮನೆಯ ಕ್ಸಾವೆರಿ,
ಎಂಬತ್ತರ ಹತ್ತಿರ, ಪೈಜಾಮದ ಮೇಲೆ ಕೋಟು.
ಬೈಯಲು ತೆರೆದ ಬಾಯಿ
ಕಂಬ ಕಂಡು ಹಾಗೇ ನಿಂತಿತು.
ನಾನು ಟವೆಲ್ಲಿಗೆ ತಡಕಾಡಿದೆ.
ಅವನು ನನ್ನನ್ನು ನೋಡಲೇ ಇಲ್ಲ. ಸೂರು ನೋಡಿದ.
ಕುರ್ಚಿ ಹತ್ತಿ, ಬೆರಳ ಗೆಣ್ಣಿನಲ್ಲಿ ತಟ್ಟಿದ,
ಕಲ್ಲಂಗಡಿ ಕೊಳ್ಳುವವನ ಹಾಗೆ ಕಿವಿಗೊಟ್ಟು.
"ಇಲ್ಲಿ ಟೊಳ್ಳು.
ಎಪ್ಪತ್ತೆರಡರಲ್ಲಿ ಈ ಚಪ್ಪಡಿ ಕ್ರೇನಿನಿಂದ ಇಳಿಸಿದವನೇ ನಾನು.
ಒಂದು ಗೇಣು ಆಚೆ ಗಟ್ಟಿ."

ಕೆಳಗಿಳಿದು ಹೋಗಿ ರಸಮಟ್ಟ ತಂದ. ನೆಲಕ್ಕಿಟ್ಟ.
ಗುಳ್ಳೆ ಬಾಗಿಲ ಕಡೆ ಓಡಿ ಮೂಲೆ ಸೇರಿತು.
"ಕಿಟಕಿ ಕಡೆ ಇಳಿಜಾರು, ಎರಡು ಬೆರಳು.
ಅಡಿಯಲ್ಲಿ ಕಲ್ಲಿದ್ದಲು ಅಗೆದಿದ್ದಾರಲ್ಲ,
ಇಡೀ ಕಟ್ಟಡವೇ ವಾಲಿಕೊಂಡಿದೆ."

ನಗು ಬಂತು, ಭುಜ ಹಿಡಿದುಕೊಂಡೇ ನಕ್ಕೆ.
ಡೊಂಕಂತೆ! ನೆಲ ಡೊಂಕಂತೆ!
ಅಷ್ಟು ಕಾಲದಿಂದ ಬೈಸಿಕೊಂಡ ಆ ಹೆಂಗಸಿನ ಮನೆಗೆ
ಯಾರೂ ಒಂದು ರಸಮಟ್ಟ ತರಲಿಲ್ಲ.

ಕಂಬವನ್ನು ಗೇಣು ಸರಿಸಿದೆವು.
ನಾನು ಹಿಡಿದೆ, ಅವನು ಕೀಲಿ ತಿರುಗಿಸಿದ.
ಹೊರಡುವಾಗ ಹೊಸ್ತಿಲಲ್ಲಿ ಹೇಳಿದ:
"ಬೀಳುವುದಾದರೆ ಹತ್ತರೊಳಗೆ ಬೀಳು,
ಆಮೇಲೆ ನನಗೆ ನಿದ್ದೆ."

ಭುಜ ವಾಸಿಯಾದ ಮೇಲಿನ ಮಂಗಳವಾರ,
ಅಂಗಿಗುಂಡಿ ಕಾರ್ಖಾನೆಯ ಸಪಾಟು ನೆಲದಲ್ಲಿ
ಇಲ್ಲದ ಇಳಿಜಾರಿಗೆ ಮೈ ಎದುರೊಡ್ಡಿ
ಒಂದು ಸುತ್ತು ಬಂದೆ, ಸೊಟ್ಟಗೆ.
ದೊಬ್ರವಾ ಹುಬ್ಬೇರಿಸಿದಳು.

ಇಲ್ಲಿ ನೆಲ ನೆಟ್ಟಗಿದೆ, ಅಂದೆ,
ದೂರುವ ದನಿಯಲ್ಲಿ.